ರೇವಮ್ಮ ಮತ್ತು ಪಿಲಾರ್

ಸ್ಪೇನ್ ದೇಶದ ಹಳೆಯ ಹೆಣ್ಣು ಹೆಸರುಗಳಲ್ಲಿ ಒಂದಾದ 'ಪಿಲಾರ್' ಎಂಬುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಕಂಬ ಎಂದರ್ಥ. ಎಬ್ರೊ ನದಿಯ ದಡದ ಸರಗೊಸಾ ನಗರದಲ್ಲಿ ಯೇಸುವಿನ ತಾಯಿ ಮರಿಯ ಶಿಲಾಸ್ತಂಭವೊಂದರ ಮೇಲೆ ನಿಂತು ಸಂತ ಯಾಕೋಬನಿಗೆ ದರ್ಶನವಿತ್ತಳೆಂಬ ನಂಬಿಕೆಯಿದ್ದು, ಅಲ್ಲಿನ ದೇವಾಲಯದ ಹಬ್ಬ ಪ್ರತಿವರ್ಷ ಅಕ್ಟೋಬರ್ 12ರಂದು ನಡೆಯುತ್ತದೆ. 'ಕಂಬದ ಮರಿಯ' ಎಂಬ ಪೂರ್ಣ ನಾಮದಲ್ಲಿ ಮರಿಯ ಮರೆಯಾಗಿ ಕಂಬವಷ್ಟೇ ಬಳಕೆಯಲ್ಲಿ ಉಳಿಯಿತು. ಸ್ಪ್ಯಾನಿಷ್ ವ್ಯಾಕರಣದಲ್ಲಿ ಆ ಪದ ಪುಲ್ಲಿಂಗವಾದರೂ ಹೆಣ್ಣುಮಕ್ಕಳಿಗೆ ಅದನ್ನಿಡಲು ಯಾರೂ ಹಿಂಜರಿಯಲಿಲ್ಲವೆಂಬುದು ಸ್ವಾರಸ್ಯದ ಸಂಗತಿ.

ಇದೇ ಬಗೆಯ ನಾಮಕರಣವನ್ನು ಕಲಬುರಗಿ ಜಿಲ್ಲೆಯ ಕಾಳಗಿ ಸೀಮೆಯಲ್ಲಿ 'ರೇವಮ್ಮ' ಎಂಬ ಹೆಸರು ತೋರಿಸುತ್ತದೆ. ಸಂಸ್ಕೃತ ನಿಘಂಟನ್ನು ತೆರೆದರೆ 'ರೇವಾ' ಎಂಬುದಕ್ಕೆ ನರ್ಮದಾ ನದಿ ಎಂಬ ಅರ್ಥ ಸಿಗುತ್ತದೆ. ಆದರೆ ಈ ಸೀಮೆಯ ರೇವಮ್ಮನಿಗೂ ನರ್ಮದೆಗೂ ಸಂಬಂಧ ಕಲ್ಪಿಸುವುದು ಪುಸ್ತಕಪಾಂಡಿತ್ಯವಷ್ಟೇ. ಅವಳ ಹೆಸರಿನ ಬೇರು ರೇವಗ್ಗಿ ಗುಡ್ಡದ ರೇವಣಸಿದ್ಧೇಶ್ವರನಲ್ಲಿದೆ. ರೇವಣಸಿದ್ಧನು ವೀರಶೈವ ಪರಂಪರೆಯಲ್ಲಿ ಪಂಚಾಚಾರ್ಯರಲ್ಲೊಬ್ಬನಾದ ರೇಣುಕನೆಂದು ಪೂಜಿತನು, ಹರಿಹರನ ರಗಳೆಯೊಂದಕ್ಕೆ ನಾಯಕನೂ ಆದವನು. 'ಸಿದ್ಧ' ಎಂದರೆ ಯೋಗಸಾಧನೆ ಕೈಗೂಡಿದವನು. ಹರಕೆ ಹೊತ್ತ ಮನೆಯಲ್ಲಿ ಗಂಡು ಹುಟ್ಟಿದರೆ ರೇವಣಸಿದ್ದಪ್ಪ, ಹೆಣ್ಣು ಹುಟ್ಟಿದರೆ ರೇವಮ್ಮ. ಪುರುಷ ದೈವದ ಹೆಸರು ಸ್ತ್ರೀಯದಾಗಲು ಕನ್ನಡಕ್ಕೆ 'ಅಮ್ಮ' ಎಂಬ ಒಂದೇ ಪದ ಸಾಕಾಗುತ್ತದೆ, ಸ್ಪ್ಯಾನಿಷ್ ಕಂಬಕ್ಕೆ ಅಷ್ಟೂ ಬೇಕಾಗಲಿಲ್ಲ. ಕಲಬುರಗಿಯ ಶರಣಬಸವೇಶ್ವರನಿಂದ ಬಂದ ಶರಣಮ್ಮನದೂ ಇದೇ ದಾರಿ.

ಭೀಮಾ ತೀರದ ಸನ್ನತಿಯ ಚಂದ್ರಲಾಂಬೆಯಿಂದ ಬಂದ ಹೆಸರುಗಳ ದಾರಿ ಇನ್ನೂ ನೇರ. ಅಲ್ಲಿ ದೈವವೇ ತಾಯಿ, 'ಅಂಬಾ' ಎಂಬ ಪದಕ್ಕೂ ತಾಯಿ ಎಂದೇ ಅರ್ಥ. ಆದಕಾರಣ ಚಂದ್ರಲಾ, ಚಂದ್ರಮ್ಮ ಎಂಬ ಹೆಸರುಗಳಲ್ಲಿ ಚಂದ್ರನ ಕಾಂತಿಗಿಂತ ಸನ್ನತಿಯ ಗುಡಿ ಮೊದಲು ನೆನಪಾಗುತ್ತದೆ.

ಇಂದು ರೇವಮ್ಮ ಹಳೆಯ ಹೆಸರಾಯಿತೆಂದು ಶಾಲೆಗೆ ಸೇರಿಸುವಾಗ ಅದನ್ನು ರೇವತಿ ಎಂದು ತಿದ್ದಿ ಬರೆಸಿದರೆ ಕಿವಿಗೆ ಹತ್ತಿರವೆನಿಸಬಹುದು. ಆದರೆ ರೇವತಿ ಆಕಾಶದ ನಕ್ಷತ್ರ, ರೇವಮ್ಮ ಗುಡ್ಡದ ಹರಕೆ. ಈ ಭಾಗದಲ್ಲಿ ಆಯಿ ಎಂದು ಕರೆಯುವ ಅಜ್ಜಿ ಮನೆಯಲ್ಲಿದ್ದರೆ, ಆಕೆಯ ಹೆಸರು ಯಾವ ಗುಡಿಯದೆಂದು ಕೇಳುಗರು ಇಂದೇ ವಿಚಾರಿಸಿ ಬರೆದಿಟ್ಟುಕೊಳ್ಳಲಿ.