ಜಗಳಕ್ಕೆ ಸಾಲದ ಕನ್ನಡ

(ರಾಜ್ಯೋತ್ಸವದ ಸಭೆಯೊಂದರಲ್ಲಿ ತಿಪಟೂರಿನ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ಕನ್ನಡದ ಬಂಧುಗಳೇ, ಅದರಲ್ಲೂ ಪಟ್ಟಣಗಳಲ್ಲಿ ಕನ್ನಡದ ಬಾವುಟ ಹಿಡಿದಿರುವ ತರುಣ ಗೆಳೆಯರೇ,

ನಾನು ಭಾಷಣಕಾರನಲ್ಲ. ಭಾಷಣ ಮಾಡುವವರ ಕರಪತ್ರ ಅಚ್ಚು ಹಾಕುವವನು. 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ನಮ್ಮಪ್ಪ ಟ್ರೆಡಲ್ ಯಂತ್ರ ತುಳಿದು, ಸೀಸದ ಅಚ್ಚುಮೊಳೆ ಜೋಡಿಸಿ ರಾತ್ರಿಯೆಲ್ಲಾ ಕರಪತ್ರ ಹಾಕಿದವರು. ನಾನಾಗ ಎಳೆಮಗು. ಆ ಮನೆಯಲ್ಲಿ ಬೆಳೆದವನಿಗೆ ಕನ್ನಡದ ಸಿಟ್ಟು ಹುಟ್ಟಿನಿಂದಲೇ ಬಂದದ್ದು. ಇವತ್ತು ಯಾರನ್ನೋ ಬೈಯಲು ನಾನು ನಿಂತಿಲ್ಲ. ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲು ನಿಂತಿದ್ದೇನೆ.

ನಮ್ಮ ಪ್ರೆಸ್ಸಿನ ಪಕ್ಕದಲ್ಲೇ ನಮ್ಮದೊಂದು ಮಳಿಗೆ ಇದೆ. ಹಿಂದೆ ಗೋಡೌನು, ಮೇಲೆ ಅಟ್ಟ. ಅದನ್ನು ರಾಜಸ್ಥಾನದ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಗಿಟುಕು ಕೊಬ್ಬರಿ ತಿನ್ನುವವರು ಹೆಚ್ಚಾಗಿ ಉತ್ತರದವರು. ಅವರ ಹಬ್ಬ, ಮದುವೆ, ಸಿಹಿತಿಂಡಿಗೆ ನಮ್ಮ ಕೊಬ್ಬರಿಯೇ ಬೇಕು. ಹಾಗಾಗಿ ಅಲ್ಲಿನ ವ್ಯಾಪಾರಿಗಳು ಇಲ್ಲಿ ಅಂಗಡಿ ಹಾಕುವುದು ಹೊಸದೇನಲ್ಲ. ನಮ್ಮೂರ ಬಾಯಲ್ಲಿ ಅವರೆಲ್ಲ ಸೇಟುಗಳು.

ಈ ಸೇಟು ಒಬ್ಬ ತಲೆನೋವಿನ ಬಾಡಿಗೆದಾರರು! ಐದನೇ ತಾರೀಖು ಕೊಡಬೇಕಾದ ಬಾಡಿಗೆ ಇಪ್ಪತ್ತಾದರೂ ಇಲ್ಲ. ಲಾರಿ ತಂದು ಪ್ರೆಸ್ಸಿನ ಬಾಗಿಲಿಗೇ ಅಡ್ಡ ನಿಲ್ಲಿಸುತ್ತಿದ್ದರು. ಚಿಪ್ಪಿನ ರಾಶಿ ನನ್ನ ಮೆಟ್ಟಿಲ ಮೇಲೆ. ಇದೆಲ್ಲವನ್ನೂ ಸಹಿಸಬಹುದು. ಆದರೆ ಅಂಗಡಿಯ ಬೋರ್ಡು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡ ಒಂದಕ್ಷರ ಇಲ್ಲ! ಕನ್ನಡದ ಕರಪತ್ರ ಅಚ್ಚಾಗುವ ಗೋಡೆಗೆ ಅಂಟಿಕೊಂಡೇ ಆ ಬೋರ್ಡು!

ಕೇಳಿದರೆ ಹಿಂದಿಯಲ್ಲೇ ಉತ್ತರ. ನಾನು ಕೂಗಾಡುತ್ತಿದ್ದೆ, ಅವರು ಕೈ ಆಡಿಸುತ್ತಿದ್ದರು. ಒಂದು ನವೆಂಬರಿನಲ್ಲಿ ನಮ್ಮ ಹುಡುಗರು ಬಂದು ಆ ಬೋರ್ಡಿಗೆ ಮಸಿ ಬಳಿದರು. ಬಳಿಯಿರಿ ಎಂದವನು ನಾನೇ. ಅದು ಅವರಿಗೂ ಗೊತ್ತಿತ್ತು. ಒಂದು ಮಾತೂ ಆಡದೆ ಸೀಮೆಎಣ್ಣೆ ಹಾಕಿ ಒರೆಸಿಕೊಂಡರು.

ಆಮೇಲೆ 2020 ಬಂತು. ಮಾರ್ಚ್ 25ರಿಂದ ದೇಶಕ್ಕೇ ಬೀಗ. ಪ್ರೆಸ್ಸಿನವನಿಗೆ ವರ್ಷದ ಅನ್ನ ಹುಟ್ಟುವುದೇ ಯುಗಾದಿಯಿಂದಾಚೆಗಿನ ಎರಡು ತಿಂಗಳಲ್ಲಿ. ಮದುವೆ ಕಾಗದ, ಜಾತ್ರೆ ಭಿತ್ತಿಪತ್ರ, ಗೃಹಪ್ರವೇಶ, ಎಲ್ಲವೂ ಆಗಲೇ. ಆ ವರ್ಷ ಮದುವೆಗಳೇ ನಿಂತವು, ಜಾತ್ರೆಗಳು ರದ್ದಾದವು. ಅಚ್ಚಾಗಿದ್ದ ಲಗ್ನಪತ್ರಿಕೆಗಳನ್ನು ಜನ ಒಯ್ಯಲೇ ಇಲ್ಲ. ಆಫ್‌ಸೆಟ್ ಯಂತ್ರದ ಸಾಲದ ಕಂತು ತಲೆಯ ಮೇಲಿತ್ತು. ಇಬ್ಬರು ಕೆಲಸಗಾರರಿಗೆ ಸಂಬಳ ಕೊಡಲು ನನ್ನಲ್ಲಿ ಹಣವಿರಲಿಲ್ಲ. ಅಪ್ಪನ ಕಾಲದ ಅಚ್ಚುಮೊಳೆಗಳನ್ನು ಗುಜರಿಗೆ ತೂಗಿಬಿಡೋಣವೆಂದು ಗೋಣಿಚೀಲಕ್ಕೆ ತುಂಬುತ್ತಾ ಕೂತಿದ್ದೆ.

ಅರ್ಧ ತೆರೆದ ಬಾಗಿಲಲ್ಲಿ ಸೇಟು ನಿಂತಿದ್ದರು. ಬಾಡಿಗೆ ಬಿಡಿ ಎಂದು ಕೇಳಲು ಬಂದಿದ್ದಾರೆ ಎಂದುಕೊಂಡೆ. ಊರಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು, ಕೇಳುವುದು ನ್ಯಾಯವೂ ಆಗಿತ್ತು. ಅವರು ಒಂದು ಕವರು ಮೇಜಿನ ಮೇಲಿಟ್ಟು ಹೇಳಿದರು: "ಅಣ್ಣಾ, ಎಂಟು ತಿಂಗಳದು ಬಾಡಿಗೆ. ಮುಂದಿಂದು. ಹೋಳಿಗೆ ಹೋಗಿದ್ದ ಮಾಲಿಂದು ದುಡ್ಡು ಬಂತು. ನಿಮ್ಮ ಹುಡುಗರಿಗೆ ಸಂಬಳ ಕೊಡಿ."

ಕನ್ನಡದಲ್ಲಿ!

ನನಗೆ ಹಣಕ್ಕಿಂತ ಮೊದಲು ಅದೇ ಹೊಡೆಯಿತು. "ನಿಮಗೆ ಕನ್ನಡ ಬರುತ್ತಾ?" ಎಂದೆ. "ಗೋಡೌನಲ್ಲಿ ಚಿಪ್ಪು ಬಿಡಿಸೋ ಅಮ್ಮಂದಿರು ಕಲಿಸಿದ್ದು, ಹಮಾಲರು ಕಲಿಸಿದ್ದು" ಎಂದರು. "ಮತ್ತೆ ನನ್ನ ಹತ್ತಿರ ಯಾಕೆ ಹಿಂದಿ?" ಅವರು ನಕ್ಕರು. "ನೀವು ಬರೋದೇ ಜಗಳಕ್ಕೆ. ಜಗಳ ಆಡೋ ಅಷ್ಟು ಕನ್ನಡ ನನಗೆ ಬರಲ್ಲ ಅಣ್ಣಾ."

ಗೆಳೆಯರೇ, ಈ ಮಾತು ಇವತ್ತಿಗೂ ನನ್ನೊಳಗೆ ಚುಚ್ಚುತ್ತದೆ. ಬಾಡಿಗೆ ತಡವಾಗುತ್ತಿದ್ದುದು ಉತ್ತರದ ಖರೀದಿದಾರರು ಇವರಿಗೆ ಹಣ ತಡವಾಗಿ ಕಳಿಸುತ್ತಿದ್ದರಿಂದ. ಅದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಆ ಹೊತ್ತಲ್ಲಿ ಅವರ ಅಟ್ಟದಲ್ಲೂ ಮಾಲು ಸಾಗದೆ ಬಿದ್ದಿತ್ತು. ಆದರೂ ಕೊಟ್ಟರು. ಬೋರ್ಡಿನ ವಿಷಯ ನಾನೇ ಎತ್ತಿದೆ. "ಕನ್ನಡ ಮಾತು ಬರುತ್ತೆ, ಓದಕ್ಕೆ ಬರಲ್ಲ. ಪೇಂಟರ್ ಏನು ಬರೆದ ಅಂತ ನನಗೆ ಹೇಗೆ ಗೊತ್ತಾಗುತ್ತೆ?" ಎಂದರು. ಅಕ್ಷರವೇ ನನ್ನ ಕಸುಬು. ಪಕ್ಕದ ಗೋಡೆಯಾಚೆಗಿನವರಿಗೆ ಒಂದು ಸಾಲು ಬರೆದುಕೊಡದೆ ಮಸಿ ಕಳಿಸಿದ್ದೆ!

ಇನ್ನೊಂದು ನಾಚಿಕೆಗೇಡು ಕೇಳಿ. ನಮ್ಮಿಬ್ಬರ ಬಾಡಿಗೆ ಕರಾರು ಯಾವ ಭಾಷೆಯಲ್ಲಿತ್ತು? ಇಂಗ್ಲಿಷಿನಲ್ಲಿ! ಮಾಲೀಕ ಕನ್ನಡಿಗ, ಬಾಡಿಗೆದಾರ ರಾಜಸ್ಥಾನಿ, ಕರಾರು ಇಂಗ್ಲಿಷು. ಪಿಯುಸಿ ಓದಿದ ನನಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ, ಅವರಿಗೂ ಆಗಿರಲಿಲ್ಲ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು ಎಂದು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರಲ್ಲ, ಅದೇ ನಮೂನೆ. ನಮ್ಮ ಕಾಯಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತು, ನೀರಾರಿ, ಒಳಗೆ ಗಿಟುಕು ಗುಡುಗುಡು ಎನ್ನುವವರೆಗೆ ನಾವು ಚಿಪ್ಪು ಒಡೆಯುವುದಿಲ್ಲ. ಕಾಯಿಗೆ ಅಷ್ಟು ಕಾಯುವ ನಾವು ಮನುಷ್ಯನಿಗೆ ಕಾಯಲಿಲ್ಲ.

ಹಾಗಾದರೆ ಹೋರಾಟ ಬಿಡಬೇಕೇ? ಖಂಡಿತ ಇಲ್ಲ! ಗೋಕಾಕ್ ಚಳವಳಿ ಇಲ್ಲದಿದ್ದರೆ ಶಾಲೆಯಲ್ಲಿ ಕನ್ನಡದ ಗತಿ ಏನಾಗುತ್ತಿತ್ತು? ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು 2019ರಲ್ಲಿ ಅವಕಾಶ ಬಂದದ್ದು ಸುಮ್ಮನೆ ಕೂತಿದ್ದರಿಂದಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ ನಾಮಫಲಕದ ಶೇ. 60 ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡವಿರಬೇಕೆಂದು ಆಯಿತು. ಅದನ್ನು ಜಾರಿ ಮಾಡಿಸಲೇಬೇಕು. ಕನ್ನಡ ಬೇಕಿಲ್ಲ ಎನ್ನುವ ಕಚೇರಿಯ ಮುಂದೆ, ದೊಡ್ಡ ಕಂಪನಿಯ ಮುಂದೆ, ವಿಧಾನಸೌಧದ ಮುಂದೆ ಗಂಟಲು ಹರಿಯುವಂತೆ ಕೂಗಿ. ಕರಪತ್ರ ನಾನು ಹಾಕಿಕೊಡುತ್ತೇನೆ. ಆದರೆ ಕನ್ನಡ ಬೇಡ ಎನ್ನುವವನೇ ಬೇರೆ, ಕನ್ನಡ ಸಾಲದು ಎನ್ನುವವನೇ ಬೇರೆ. ಇಬ್ಬರಿಗೂ ಒಂದೇ ಮಸಿ ಬಳಿದರೆ ಸೋಲುವುದು ಕನ್ನಡವೇ.

ನಿಮ್ಮಲ್ಲಿ ಎಷ್ಟೋ ಜನ ಮನೆ ಮಾಲೀಕರ ಮಕ್ಕಳು. ಮಹಡಿ ಮೇಲೆ ಹೊರಗಿನವರು ಬಾಡಿಗೆಗಿದ್ದಾರೆ. ಅವರಿಗೆ ಮೊದಲ ಮಾತು ಕನ್ನಡದಲ್ಲಿ ಆಡಿ. ತಪ್ಪಾಗಿ ಮಾತಾಡಿದರೆ ನಗಬೇಡಿ, ತಿದ್ದಿ. ಬಾಡಿಗೆ ಕರಾರನ್ನು ಕನ್ನಡದಲ್ಲಿ ಬರೆಸಿ, ಅವರ ಮುಂದೆ ಓದಿ ಹೇಳಿ. ಬೋರ್ಡು ಬರೆಸುವವರಿಗೆ ಒಂದು ಚೀಟಿಯಲ್ಲಿ ಸರಿಯಾದ ಕನ್ನಡ ಬರೆದುಕೊಡಿ. ಇದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ನಾವೂ ಹೊಸ ಕರಾರನ್ನು ಕನ್ನಡದಲ್ಲೇ ಬರೆಸಿದೆವು. ಸೇಟು ಕನ್ನಡದಲ್ಲಿ ರುಜು ಹಾಕಿದರು, ಒಂದು ಒತ್ತಕ್ಷರ ತಪ್ಪಿತ್ತು. ಬೋರ್ಡನ್ನು ನಾನೇ ಮಾಡಿಸಿಕೊಟ್ಟೆ, ಮೇಲೆ ದಪ್ಪಕ್ಷರದ ಕನ್ನಡ. 2024ರ ಕಾನೂನು ಬರುವ ಹೊತ್ತಿಗೆ ಅದು ಅಲ್ಲೇ ಇತ್ತು. ಅಪ್ಪನ ಅಚ್ಚುಮೊಳೆಗಳೂ ಪ್ರೆಸ್ಸಿನಲ್ಲೇ ಇವೆ.

ಬಾಡಿಗೆಯಾ? ಈಗಲೂ ತಡವೇ! ಆದರೆ "ಅಣ್ಣಾ, ಈ ತಿಂಗಳು ಹತ್ತು ದಿನ ತಡ" ಎಂದು ಕನ್ನಡದಲ್ಲಿ ಹೇಳಿ ಹೋಗುತ್ತಾರೆ. ಬೇಕಾದರೆ ಜಗಳವನ್ನೂ ಆಡುತ್ತಾರೆ. ಅಷ್ಟು ಕನ್ನಡ ಈಗ ಬಂದಿದೆ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!