ಕೆಲಸದ ಜಾಗಕ್ಕೆ ಒಂದು ಮೇಜುಗರಗಸ



ನಿಮ್ಮ ಬೀದಿಯಲ್ಲಿ ಹೊಸ ಮನೆಯೊಂದು ಏಳುತ್ತಿದ್ದರೆ, ಗಾರೆ ಕೆಲಸ ಮುಗಿದು ಮರಗೆಲಸ ಶುರುವಾದಾಗ ಒಮ್ಮೆ ಒಳಗೆ ಹೋಗಿ ನೋಡಿ. ಹಾಲಿನ ನಡುವೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ ಇರುತ್ತದೆ. ಅದರ ಮೇಲ್ಹಲಗೆಯ ಸೀಳಿನಿಂದ ದುಂಡು ಬ್ಲೇಡೊಂದು ಅರ್ಧ ತಲೆ ಎತ್ತಿರುತ್ತದೆ. ಬಗ್ಗಿ ನೋಡಿದರೆ, ಕೈಯಲ್ಲಿ ಹಿಡಿದು ಕಲ್ಲು ಕತ್ತರಿಸಲೆಂದು ಮಾಡಿದ ಕಟರ್ ಯಂತ್ರವನ್ನು ತಲೆಕೆಳಗಾಗಿ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅದರ ಸ್ವಿಚ್ಚನ್ನು ತಂತಿಯಿಂದಲೋ ಟೇಪಿನಿಂದಲೋ ಒತ್ತಿ ಕಟ್ಟಿಬಿಟ್ಟಿರುತ್ತಾರೆ. ನಮ್ಮ ಎಷ್ಟೋ ಮನೆಗಳ ಅಲಮಾರು, ಅಡುಗೆಮನೆಯ ಕಪಾಟು, ಟೀವಿ ಸ್ಟ್ಯಾಂಡುಗಳು ಹುಟ್ಟಿದ್ದು ಇಂಥ ಪೆಟ್ಟಿಗೆಯ ಮೇಲೆಯೇ. ಕಡಿಮೆ ದುಡ್ಡಿನಲ್ಲಿ ದೊಡ್ಡ ಕೆಲಸ ತೆಗೆಯುವ ನಮ್ಮ ಆಚಾರಿಗಳ ಈ ಜಾಣತನವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೂ ಇವತ್ತು ಈ ಮಾತು ಎತ್ತಿಕೊಂಡದ್ದಕ್ಕೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಕಪಾಟಿನ ಕೆಲಸ ನಡೆಯುತ್ತಿತ್ತು. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಪಟ್ಟಿ ಸೀಳುತ್ತಿದ್ದಾಗ ಕರೆಂಟು ಹೋಯಿತು. ಬ್ಲೇಡು ಮರದೊಳಗೆ ಸಿಕ್ಕಿಕೊಂಡು ನಿಂತಿತು. ಸಿಕ್ಕ ಪಟ್ಟಿಯನ್ನು ಬಿಡಿಸಲು ಅವನು ಕೈ ಹಾಕಿದ. ಅಷ್ಟರಲ್ಲಿ ಕರೆಂಟು ಬಂತು. ಸ್ವಿಚ್ಚು ಟೇಪಿನಲ್ಲಿ ಕಟ್ಟಿಯೇ ಇತ್ತಲ್ಲ, ಯಂತ್ರ ತಾನಾಗಿ ತಿರುಗಿತು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನ ಜೊತೆ ಆಸ್ಪತ್ರೆಗೆ ಹೋದವನು ನಾನೇ. ಇಂಥ ಕೆಲಸಕ್ಕೆಂದೇ ಮಾಡಿದ ಮೇಜುಗರಗಸ, ಅಂದರೆ ಟೇಬಲ್ ಸಾ, ಹೇಗಿರುತ್ತದೆ, ಅದನ್ನು ಹೇಗೆ ಆರಿಸಬೇಕು ಎಂದು ನಾನು ಸರಿಯಾಗಿ ವಿಚಾರಿಸತೊಡಗಿದ್ದು ಆ ನಂತರ. ನಿಮ್ಮಲ್ಲಿ ಕೆಲವರು ನಾಳೆ ಐ.ಟಿ.ಐ. ಸೇರಬಹುದು, ಕೆಲವರು ಒಳಾಂಗಣ ಕೆಲಸದ ಗುತ್ತಿಗೆ ಹಿಡಿಯಬಹುದು. ಉಳಿದವರು ಮನೆ ಕಟ್ಟಿಸಿಯೇ ಕಟ್ಟಿಸುತ್ತೀರಿ.

ಮೊದಲು ವೇಗದ ಲೆಕ್ಕ ಮಾಡೋಣ. ಸೈಟಿಗೆ ಹೊತ್ತೊಯ್ಯುವ ಮೇಜುಗರಗಸಗಳಲ್ಲಿ ಸಾಮಾನ್ಯವಾದದ್ದು 10 ಅಂಗುಲದ, ಎಂದರೆ 254 ಮಿ.ಮೀ. ವ್ಯಾಸದ ಬ್ಲೇಡು. ಅದರ ಸುತ್ತಳತೆ ಸುಮಾರು 80 ಸೆಂ.ಮೀ. ನಿಮಿಷಕ್ಕೆ 4,800 ಸುತ್ತು ತಿರುಗುವ ಯಂತ್ರವಾದರೆ ಸೆಕೆಂಡಿಗೆ 80 ಸುತ್ತು. ಗುಣಿಸಿ ನೋಡಿ: ಹಲ್ಲಿನ ತುದಿ ಸೆಕೆಂಡಿಗೆ 64 ಮೀಟರ್, ಗಂಟೆಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಾವು ಕೈಯಲ್ಲಿ ಮರ ತಳ್ಳುವುದು ಅದರ ಮುಂದೆ.

ಈ ಬ್ಲೇಡಿನ ಮುಂಭಾಗದ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಮರವನ್ನು ಮೇಜಿಗೆ ಒತ್ತುತ್ತವೆ. ಅಲ್ಲಿ ತೊಂದರೆಯಿಲ್ಲ. ಹಿಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ. ಸೀಳಿದ ಮರ ಬಾಗಿಯೋ, ಓರೆಯಾಗಿಯೋ ಈ ಹಿಂದಿನ ಹಲ್ಲುಗಳಿಗೆ ತಾಗಿತು ಎನ್ನಿ. ಹಲ್ಲು ಅದನ್ನು ಎತ್ತಿ, ಕೆಲಸಗಾರನ ಕಡೆಗೇ ಎಸೆಯುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ; ನಾವು ಮರ ಒದೆಯುವುದು ಎನ್ನೋಣ. ಹೊಟ್ಟೆಗೆ ಏಟು ಬೀಳುವುದು ಒಂದು ಅಪಾಯ. ಮರ ಹಾರಿಹೋದಾಗ ಅದನ್ನು ತಳ್ಳುತ್ತಿದ್ದ ಕೈ ಆಧಾರ ತಪ್ಪಿ ಬ್ಲೇಡಿನ ಮೇಲೆ ಬೀಳುವುದು ಅದಕ್ಕಿಂತ ದೊಡ್ಡದು.

ಇದನ್ನು ತಡೆಯುವುದು ಬ್ಲೇಡಿನ ಬೆನ್ನಿಗೇ ನಿಂತಿರುವ ಒಂದು ಉಕ್ಕಿನ ತಗಡು. ರೈವಿಂಗ್ ನೈಫ್ ಎಂದು ಅದರ ಹೆಸರು. ಬ್ಲೇಡಿನ ತಟ್ಟೆಗಿಂತ ತುಸು ದಪ್ಪ, ಬ್ಲೇಡು ಮಾಡುವ ಸೀಳಿಗಿಂತ ತುಸು ತೆಳ್ಳಗೆ. ಬ್ಲೇಡನ್ನು ಏರಿಸಿದರೆ ಜೊತೆಗೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಸೀಳು ಮುಚ್ಚಿಕೊಳ್ಳದಂತೆ, ಮರ ಹಿಂದಿನ ಹಲ್ಲಿಗೆ ಹೋಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅಂಗಡಿಗೆ ಹೋದಾಗ ನೀವು ಮೊದಲು ನೋಡಬೇಕಾದದ್ದು ಮೋಟಾರಿನ ವಾಟನ್ನಲ್ಲ, ಈ ತಗಡನ್ನು. ಇಲ್ಲದಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿ, ಎಷ್ಟೇ ಅಗ್ಗವಾಗಿರಲಿ. ಎರಡನೆಯದಾಗಿ ಸ್ವಿಚ್ಚು. ದೊಡ್ಡದಾಗಿ, ಮುಂಭಾಗದಲ್ಲಿ, ಎರಡೂ ಕೈಯಲ್ಲಿ ಹಲಗೆ ಹಿಡಿದಿರುವಾಗ ಮೊಣಕಾಲಿನಿಂದ ಒತ್ತಿದರೂ ನಿಲ್ಲುವಂತಿರಬೇಕು. ಕರೆಂಟು ಹೋಗಿ ಬಂದರೆ ಯಂತ್ರ ತಾನಾಗಿ ಶುರುವಾಗಬಾರದು. ಮತ್ತೆ ಗುಂಡಿ ಒತ್ತಿದರೆ ಮಾತ್ರ ತಿರುಗಬೇಕು. ಅಂಗಡಿಯಲ್ಲಿಯೇ ಪರೀಕ್ಷಿಸಬಹುದು: ಯಂತ್ರ ಓಡುತ್ತಿರುವಾಗ ಗೋಡೆಯ ಸ್ವಿಚ್ಚು ಆರಿಸಿ, ಬ್ಲೇಡು ನಿಂತ ಮೇಲೆ ಮತ್ತೆ ಹಾಕಿಸಿ. ಆ ಹುಡುಗನ ಪೆಟ್ಟಿಗೆಯಲ್ಲಿ ಈ ಒಂದು ಏರ್ಪಾಡು ಇದ್ದಿದ್ದರೆ ಸಾಕಿತ್ತು.

ಇನ್ನು ಅಳತೆ. ಎಲ್ಲರೂ ದೊಡ್ಡದೇ ಬೇಕು ಎನ್ನುತ್ತಾರೆ. ನಿಮ್ಮ ಕೆಲಸ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಪ್ಲೈವುಡ್ ಸಾಮಾನ್ಯವಾಗಿ 18 ಅಥವಾ 19 ಮಿ.ಮೀ. ದಪ್ಪ. 8¼ ಅಂಗುಲದ ಚಿಕ್ಕ ಮೇಜುಗರಗಸ ಸುಮಾರು 65 ಮಿ.ಮೀ. ಆಳ ಕೊಯ್ಯುತ್ತದೆ, ಅಲಮಾರು ಮಾಡುವವನಿಗೆ ಅದೇ ಧಾರಾಳ. ಬಾಗಿಲಿನ ದಾರಂದಕ್ಕೆ 3 ಅಂಗುಲದ, ಅಂದರೆ 76 ಮಿ.ಮೀ. ಮರವನ್ನು ಒಂದೇ ಬಾರಿಗೆ ಸೀಳಬೇಕಾದವನಿಗೆ 10 ಅಂಗುಲದ್ದೇ ಬೇಕು, ಅದು ಸುಮಾರು 79 ಮಿ.ಮೀ. ಕೊಯ್ಯುತ್ತದೆ. ಮೂರೇ ಮಿ.ಮೀ. ಉಳಿಕೆ, ಆದರೆ ಸಾಕು.

ಮರವನ್ನು ಆನಿಸಿಕೊಂಡು ತಳ್ಳುವ ಪಕ್ಕದ ಉದ್ದ ಪಟ್ಟಿಗೆ ಫೆನ್ಸ್ ಎನ್ನುತ್ತಾರೆ. ಅದು ಬ್ಲೇಡಿನಿಂದ ಎಷ್ಟು ದೂರ ಸರಿಯುತ್ತದೆ ಎಂಬುದನ್ನು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ: 24 ಅಂಗುಲ, 32 ಅಂಗುಲ ಎಂದು. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. 4 ಅಡಿಯೆಂದರೆ 48 ಅಂಗುಲ, ಅರ್ಧ 24. ಅಂದರೆ ಫೆನ್ಸ್ 24 ಅಂಗುಲ ದೂರ ಸರಿದರೆ ಹಾಳೆಯನ್ನು ಉದ್ದಕ್ಕೂ ನಟ್ಟನಡುವೆ ಸೀಳಬಹುದು. 30 ಅಂಗುಲದ ತುಂಡು ಬೇಕಾದರೆ? ಉಳಿಯುವ 18 ಅಂಗುಲದ ಭಾಗವನ್ನು, ಬ್ಲೇಡು ತಿನ್ನುವ ಎರಡೂವರೆ ಮೂರು ಮಿ.ಮೀ. ಕಳೆದು, ಫೆನ್ಸಿಗೆ ಆನಿಸಿದರಾಯಿತು. ಆಚೆ ಬೀಳುವುದು 30 ಅಂಗುಲವೇ. ಹೆಚ್ಚಿನ ದೂರಕ್ಕೆಂದು ಹೆಚ್ಚಿನ ಹಣ ಕೊಡುವ ಮೊದಲು ಈ ಲೆಕ್ಕ ನೆನಪಿರಲಿ. ಫೆನ್ಸ್ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕಿಂತ ಬಿಗಿ ಮಾಡಿದಾಗ ಅಲುಗುತ್ತದೆಯೇ ಎನ್ನುವುದು ಮುಖ್ಯ. ಬಿಗಿದು, ಅದರ ತುದಿಯನ್ನು ಬೆರಳಿನಿಂದ ಪಕ್ಕಕ್ಕೆ ಜೋರಾಗಿ ತಳ್ಳಿ ನೋಡಿ. ಮುಂದೆ ಹಿಂದೆ ಎರಡೂ ತುದಿ ಹಲ್ಲುಗಾಲಿಯ ಮೇಲೆ ಒಟ್ಟಿಗೆ ಸರಿಯುವ ಬಗೆಯ ಫೆನ್ಸ್ ನನಗೆ ಹೆಚ್ಚು ಹಿಡಿಸಿದೆ, ಅದು ಸುಲಭಕ್ಕೆ ಓರೆಯಾಗುವುದಿಲ್ಲ.

ಇಲ್ಲಿ ಒಂದು ತಮಾಷೆಯ ಸಂಗತಿ ಹೇಳಬೇಕು. 18 ಮಿ.ಮೀ.ನ ಪೂರ್ತಿ ಪ್ಲೈವುಡ್ ಹಾಳೆ ಮೂವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಹೊತ್ತೊಯ್ಯುವ ಗರಗಸಗಳಲ್ಲಿ ಹಲವು ಇಪ್ಪತ್ತರಿಂದ ಇಪ್ಪತ್ತಾರು ಕಿಲೋ. ಹಾಳೆಯೇ ಯಂತ್ರಕ್ಕಿಂತ ಭಾರ! ಅರ್ಧ ಹಾಳೆ ಮೇಜಿನಾಚೆ ಜೋತುಬಿದ್ದರೆ ಯಂತ್ರವೇ ಮಗುಚಬಹುದು. ಅನುಭವಸ್ಥರು ಪೂರ್ತಿ ಹಾಳೆಯನ್ನು ಮೊದಲು ನೆಲದ ಮೇಲೆ ಹಾಕಿ, ಕೈಯಲ್ಲಿ ಹಿಡಿಯುವ ಗರಗಸದಿಂದ ದೊಡ್ಡ ತುಂಡುಗಳಾಗಿ ಕೊಯ್ದುಕೊಂಡು, ನಿಖರ ಅಳತೆಗೆ ಮಾತ್ರ ಮೇಜಿಗೆ ಬರುತ್ತಾರೆ. ಕಾಲು ಸ್ಟ್ಯಾಂಡು ಅಗಲವಾಗಿ ಊರಿ ನಿಲ್ಲುವಂಥದ್ದಿರಲಿ. ಚಕ್ರದ ಸ್ಟ್ಯಾಂಡು ಸಮ ನೆಲದಲ್ಲಿ ಸೊಗಸು. ಲಿಫ್ಟಿಲ್ಲದ ಮೂರನೆಯ ಮಹಡಿಗೆ ಅದೇ ಹೊರೆ.

ವಿದ್ಯುತ್ತಿನ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಯಂತ್ರದಲ್ಲಲ್ಲ, ತಂತಿಯಲ್ಲಿ. 1,800 ವಾಟಿನ ಗರಗಸ 230 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. 0.75 ಚದರ ಮಿ.ಮೀ.ನ ತೆಳು ತಾಮ್ರದ ತಂತಿಯನ್ನು 30 ಮೀಟರ್ ಎಳೆದರೆ, ಹೋಗಿ ಬರುವ ದಾರಿ 60 ಮೀಟರ್, ರೋಧ ಸುಮಾರು 1.5 ಓಮ್. ಓಮನ ನಿಯಮದಂತೆ 12 ವೋಲ್ಟ್ ದಾರಿಯಲ್ಲೇ ಹೋಯಿತು; ತೊಂಬತ್ತು ವಾಟಿಗೂ ಹೆಚ್ಚು ಶಕ್ತಿ ತಂತಿಯನ್ನು ಕಾಯಿಸಿತು. ತಂತಿಯನ್ನು ಸುರುಳಿ ಸುತ್ತಿಟ್ಟಿದ್ದರೆ ಆ ಶಾಖ ಒಳಗೇ ಉಳಿದು ಮೇಲುಹೊದಿಕೆ ಕರಗುತ್ತದೆ. 2.5 ಚದರ ಮಿ.ಮೀ. ತಂತಿಯಾದರೆ ನಷ್ಟ ನಾಲ್ಕು ವೋಲ್ಟಿನ ಒಳಗೆ. ಸುರುಳಿಯನ್ನು ಪೂರ್ತಿ ಬಿಚ್ಚಿ, 16 ಆಂಪಿಯರ್ ಪಿನ್ನಿಗೆ ಹಾಕಿ, ಹಿಂದೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರುವಂತೆ ನೋಡಿಕೊಳ್ಳಿ. ಅಮೆರಿಕದಲ್ಲಿರುವ ನೆಂಟರು ಬರುವಾಗ ಅಲ್ಲಿಂದ ಗರಗಸ ತರಿಸಿಕೊಳ್ಳುವ ಆಸೆ ಕೆಲವರಿಗುಂಟು. ಅಲ್ಲಿನದು 120 ವೋಲ್ಟಿನ ಯಂತ್ರ. ಇಲ್ಲಿನ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಮೋಟಾರು ಸುಡುತ್ತದೆ.

ಬ್ಲೇಡಿನ ಬಗ್ಗೆ ಒಂದೆರಡು ಮಾತು. ಗಟ್ಟಿ ಮರವನ್ನು ನಾರಿನುದ್ದಕ್ಕೆ ಸೀಳಲು 24 ಹಲ್ಲು, ಲ್ಯಾಮಿನೇಟ್ ಅಂಟಿಸಿದ ಪ್ಲೈವುಡ್ಡಿಗೆ 60 ಅಥವಾ 80 ಹಲ್ಲು. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಲೇಬಾರದು. ನಡುವಿನ ರಂಧ್ರ 25.4 ಮಿ.ಮೀ., 30 ಮಿ.ಮೀ. ಹೀಗೆ ಬೇರೆ ಬೇರೆ ಬರುತ್ತದೆ. ನಿಮ್ಮ ಊರಿನಲ್ಲಿ ಸುಲಭವಾಗಿ ಸಿಗುವ ಬ್ಲೇಡು ಕೂರುವ ಯಂತ್ರವನ್ನೇ ಕೊಳ್ಳುವುದು ಜಾಣತನ. ಧೂಳು ಹೀರುವ ಕೊಳವೆ ಜೋಡಿಸಲು ಹಿಂದೆ ಒಂದು ಬಾಯಿ ಇರಲಿ. ಮರದ ಧೂಳನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿನಲ್ಲಿ ಸೇರಿಸಿದೆ.

ಬೆರಳು ತಾಗಿದ ಕೂಡಲೇ ನಿಲ್ಲುವ ಗರಗಸವೂ ಉಂಟು. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಪೇಟೆಂಟ್ ವಕೀಲರಾಗಿದ್ದ ಅಮೆರಿಕದ ಸ್ಟೀಫನ್ ಗ್ಯಾಸ್ 1999ರಲ್ಲಿ ಇದರ ಕೆಲಸ ಆರಂಭಿಸಿದರು. ಬ್ಲೇಡಿಗೆ ಒಂದು ಕ್ಷೀಣ ವಿದ್ಯುತ್ ಸಂಕೇತ ಹರಿಸಿರುತ್ತಾರೆ. ಒಣಮರ ಅದನ್ನು ಎಳೆದುಕೊಳ್ಳುವುದಿಲ್ಲ, ನಮ್ಮ ದೇಹ ಎಳೆದುಕೊಳ್ಳುತ್ತದೆ. ಸಂಕೇತ ಕುಸಿದೊಡನೆ ಒಂದು ಸಣ್ಣ ತಂತಿ ಸುಟ್ಟು, ಅದು ಹಿಡಿದಿದ್ದ ಸ್ಪ್ರಿಂಗು ಅಲ್ಯೂಮಿನಿಯಂ ತುಂಡೊಂದನ್ನು ಹಲ್ಲುಗಳಿಗೆ ತುರುಕುತ್ತದೆ. ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲುತ್ತದೆ. ಸೆಕೆಂಡಿಗೆ 80 ಸುತ್ತು ಎಂದೆವಲ್ಲ, ಆ ವೇಗದಲ್ಲಿ ಒಂದು ಸುತ್ತಿಗೆ ಹನ್ನೆರಡೂವರೆ ಮಿಲಿಸೆಕೆಂಡು ಬೇಕು. ಅರ್ಧ ಸುತ್ತಿಗೂ ಮೊದಲೇ ನಿಂತಂತಾಯಿತು, ಬೆರಳಿಗೆ ಗೀರಷ್ಟೇ. ಇದರ ಹೊತ್ತೊಯ್ಯುವ ಮಾದರಿ 2015ರಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಮೇಜುಗರಗಸದ ಬ್ಲೇಡು ತಾಗಿ ತುರ್ತು ಚಿಕಿತ್ಸೆಗೆ ಬಂದವರು ಸುಮಾರು 30,800 ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಆದರೆ ಒಮ್ಮೆ ಕೆಲಸ ಮಾಡಿದರೆ ತಡೆಯ ಪೆಟ್ಟಿಗೆಯನ್ನೂ ಬ್ಲೇಡನ್ನೂ ಹೊಸದಾಗಿ ಹಾಕಬೇಕು. ತುಂಬಾ ಹಸಿಯಾದ ಮರ ತಗುಲಿದರೂ ಬೆರಳೆಂದೇ ಭಾವಿಸಿಬಿಡಬಹುದು. ಬೆಲೆಯೂ ಹೆಚ್ಚು.

ಬೆಲೆಯ ಮಾತು ಬಂತು. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳೂ ಸೇರಿದ್ದಾರೆ. ಉಪಕರಣಕ್ಕೆಂದು 15,000 ರೂಪಾಯಿ, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಅದರಲ್ಲಿದೆ. ಒಳ್ಳೆಯ ಮೇಜುಗರಗಸಕ್ಕೆ ಹದಿನೈದು ಸಾವಿರ ಸಾಲದು. ಸಾಲದ ಭಾಗದಿಂದ ತೆಗೆದುಕೊಳ್ಳುವುದಾದರೆ ರಿಪೇರಿಗೆ ಬಿಡಿಭಾಗ ಹತ್ತಿರದಲ್ಲಿ ಸಿಗುವುದೇ ಎಂದು ಮೊದಲೇ ಕೇಳಿ. ಕಂಪೆನಿಯ ಹೆಸರನ್ನು ಇಲ್ಲಿ ಹೇಳುವುದು ನನ್ನ ಕೆಲಸವಲ್ಲ.

ಮನೆಗೆ ತಂದ ದಿನ ಮರ ಕೊಯ್ಯುವ ಮೊದಲು ಒಂದು ಕೆಲಸ ಮಾಡಿ. ಪ್ಲಗ್ಗು ಕಿತ್ತಿಡಿ. ಬ್ಲೇಡನ್ನು ಪೂರ್ತಿ ಏರಿಸಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಅದು ಮುಂದಿರುವಾಗ ಫೆನ್ಸಿಗೆ ಇರುವ ದೂರ ಅಳೆಯಿರಿ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಸಮನಾಗಿರಬೇಕು. ಹಿಂದಿನ ದೂರ ಕಡಿಮೆ ಬಂದರೆ ಮರ ಒದೆಯುತ್ತದೆ. ಯಂತ್ರದೊಡನೆ ಬಂದ ಪುಸ್ತಕ ನೋಡಿ ಫೆನ್ಸನ್ನು ನೇರ ಮಾಡಿಕೊಂಡು, ಆಮೇಲೆ ಪ್ಲಗ್ಗು ಹಾಕಿ.