ಟ್ರಾಕ್ಟರ್ ಚಾಲೂ ಆಗದಿದ್ದಾಗ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಸುತ್ತಿನ ಗದ್ದೆಗಳಲ್ಲಿ ಟ್ರಾಕ್ಟರಿಗೆ ಬಿಡುವೆಂಬುದೇ ಇರುವುದಿಲ್ಲ. ಹಿಂದಿನ ಗಾಲಿಗಳಿಗೆ ಕೇಜ್ ವೀಲ್ ಕಟ್ಟಿಕೊಂಡು ಕೆಸರಿನಲ್ಲಿ ಹಗಲಿರುಳೂ ಓಡುತ್ತದೆ. ಮಡಿಯಲ್ಲಿ ಸಸಿ ಇಪ್ಪತ್ತೈದು ದಿನ ದಾಟಿದೆ, ನಾಟಿಯ ಹೆಣ್ಣಾಳುಗಳು ಬಂದು ಬದುವಿನ ಮೇಲೆ ಕುಳಿತಿದ್ದಾರೆ, ಅಂಥ ಹೊತ್ತಿನಲ್ಲೇ ಟ್ರಾಕ್ಟರ್ ಚಾಲೂ ಆಗುವುದಿಲ್ಲ. "ನಿನ್ನೆ ಸಂಜೀತನಾ ಚೊಲೋ ಓಡೇತ್ರಿ ಸರ, ಈಗ ಏನಾತೋ ಗೊತ್ತಾಗವಲ್ದು" ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ದೋಷ ಬಹುತೇಕ ಸಣ್ಣದೇ ಆಗಿರುತ್ತದೆ. ಅವಸರದಲ್ಲಿ ನಾವು ಮಾಡುವ ಕೆಲಸಗಳು ಅದನ್ನು ದೊಡ್ಡ ಖರ್ಚಿಗೆ, ಕೆಲವೊಮ್ಮೆ ಪ್ರಾಣಕ್ಕೇ ತಂದಿಡುತ್ತವೆ.

ಪ್ರಾಣದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಕೀಲಿ ತಿರುವಿದರೆ ಸದ್ದಿಲ್ಲ ಎಂದಾಗ ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಚ್ಚಿ ಚಾಲೂ ಮಾಡುವ ರೂಢಿ ನಮ್ಮಲ್ಲಿ ಬಹಳ ಇದೆ. ಟ್ರಾಕ್ಟರ್ ಗೇರಿನಲ್ಲಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯಲು ಹಲವು ಟ್ರಾಕ್ಟರುಗಳಲ್ಲಿ ಕ್ಲಚ್ಚಿನ ಅಥವಾ ಗೇರಿನ ಬಳಿ ಒಂದು ಸ್ವಿಚ್ಚು ಇಟ್ಟಿರುತ್ತಾರೆ. ಸ್ಕ್ರೂಡ್ರೈವರ್ ಹಚ್ಚಿದರೆ ಆ ಕಾವಲು ತಪ್ಪಿತು. ಎಂಜಿನ್ ಹೊತ್ತಿಕೊಂಡ ಕ್ಷಣಕ್ಕೇ ಟ್ರಾಕ್ಟರ್ ಮುಂದೆ ನುಗ್ಗುತ್ತದೆ. ಹಚ್ಚಿದವನು ನಿಂತಿರುವುದು ಎಲ್ಲಿ? ಹಿಂದಿನ ದೊಡ್ಡ ಗಾಲಿಯ ಎದುರಿಗೇ. ಪಕ್ಕಕ್ಕೆ ಜಿಗಿಯುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ಎಷ್ಟೇ ಅವಸರವಿದ್ದರೂ ಸೀಟಿನ ಮೇಲೆ ಕುಳಿತು, ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ ಒತ್ತಿಯೇ ಚಾಲೂ ಮಾಡಬೇಕು. ಎಷ್ಟೋ ಸಲ ಕ್ಲಚ್ಚನ್ನು ಪೂರ್ತಿ ಒತ್ತದೆ ಇದ್ದುದಕ್ಕೇ ಸ್ಟಾರ್ಟರ್ ಸುಮ್ಮನಿರುತ್ತದೆ.

ಇನ್ನು ದೋಷ ಹುಡುಕುವ ಬಗೆ. ಕೀಲಿ ತಿರುವಿದಾಗ "ಟಕ್ ಟಕ್" ಎಂದು ಸದ್ದಾಗಿ ಎಂಜಿನ್ ತಿರುಗದಿದ್ದರೆ, ಇಲ್ಲವೆ ನಿಧಾನವಾಗಿ ನರಳುತ್ತ ತಿರುಗಿದರೆ, ಡೀಸೆಲ್ ಕಡೆ ಕೈ ಹಾಕಬೇಡಿ. ಬ್ಯಾಟರಿಯ ಕಡೆ ನೋಡಿ. ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಕರೆಂಟು ದಾಟುವುದಿಲ್ಲ. ಮೈನಸ್ ವಯರನ್ನು ಮೊದಲು ಬಿಚ್ಚಿ, ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರಬೇಕು. ಮೈನಸ್ ವಯರನ್ನು ಜೋಡಿಸುವುದು ಕೊನೆಗೆ. ಸ್ಟಾರ್ಟರನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತಿರುವಬಾರದು. ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಇಲ್ಲವಾದರೆ ಇದ್ದ ಬ್ಯಾಟರಿಯೂ ಇಳಿದು, ಸ್ಟಾರ್ಟರ್ ಮೋಟಾರೂ ಸುಡುತ್ತದೆ.

ಎಂಜಿನ್ ಜೋರಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಹೊಗೆಕೊಳವೆಯನ್ನು ನೋಡಿ. ತಿರುಗುವಾಗ ಹೊಗೆಯೇ ಬರುತ್ತಿಲ್ಲವೆಂದರೆ ಡೀಸೆಲ್ ಒಳಗೆ ಮುಟ್ಟುತ್ತಿಲ್ಲ ಎಂದು ತಿಳಿಯಬೇಕು. ಆಗ ಮೊದಲು ನೋಡಬೇಕಾದದ್ದು ಎಂಜಿನ್ ಬಂದ್ ಮಾಡುವ ಗುಬ್ಬಿ. ನಗಬೇಡಿ. ಒಂದು ಕ್ಯಾಂಪಿನಲ್ಲಿ ಬೇರೊಂದು ಟ್ರಾಕ್ಟರ್ ತಂದು, ಹಗ್ಗ ಕಟ್ಟಿ, ಮೂರು ತಾಸು ಎಳೆದಾಡಿದ್ದನ್ನು ನಾನೇ ಕಂಡಿದ್ದೇನೆ. ಕೊನೆಗೆ ನೋಡಿದರೆ ಗುಬ್ಬಿಯನ್ನು ಒಳಗೆ ದೂಡಿದ್ದರು, ಆದರೆ ಕೆಸರು ಒಣಗಿ ಗಟ್ಟಿಯಾಗಿದ್ದ ಅದರ ತಂತಿ ಪಂಪಿನ ಬಳಿ ಹಿಂದಕ್ಕೆ ಸರಿದಿರಲಿಲ್ಲ. ಬೆರಳಿನಿಂದ ಸರಿಸುವ ಕೆಲಸ ಅದು.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ "ಸುಯ್" ಎಂದು ಸದ್ದಾದರೆ ದೋಷ ಅಲ್ಲೇ ಇದೆ. ಡೀಸೆಲ್ ಪೂರ್ತಿ ತೀರಿ ನಿಂತಿದ್ದರೆ, ಅಥವಾ ಫಿಲ್ಟರ್ ಬದಲಿಸಿದ್ದರೆ, ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಇದನ್ನೇ ನಮ್ಮ ಮಿಸ್ತ್ರಿಗಳು ಏರ್ ಹಿಡಿದಿದೆ ಎನ್ನುವುದು. ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿಯನ್ನು ಒತ್ತುತ್ತ ಹೋದರೆ ನೊರೆ ನೊರೆಯಾಗಿ ಡೀಸೆಲ್ ಬರುತ್ತದೆ. ಗುಳ್ಳೆ ಇಲ್ಲದ ಧಾರೆ ಬಂದ ಮೇಲೆ ಬಿಗಿಯಬೇಕು. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಹಾಗೆಯೇ ಮಾಡಬೇಕು. ಬಹುಮಟ್ಟಿಗೆ ಇಷ್ಟಕ್ಕೇ ಚಾಲೂ ಆಗುತ್ತದೆ. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಕೈ ಒಡ್ಡಬಾರದು. ಆ ಒತ್ತಡಕ್ಕೆ ಅದು ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಸೂಜಿಮೊನೆಯಷ್ಟು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರಾಕ್ಟರುಗಳಿಗೆ 2023ರಿಂದ ಬಿಗಿಯಾದ ಹೊಗೆ ನಿಯಮ ಬಂದು, ಹಲವುಗಳಲ್ಲಿ ಕಂಪ್ಯೂಟರ್ ಹಿಡಿತದ ಪಂಪು ಬಂದಿದೆ. ಅವುಗಳ ಕೊಳವೆಗಳಿಗೆ ಸ್ಪ್ಯಾನರ್ ಹಚ್ಚಲೇಬಾರದು.

ಚಾಲೂ ಆಯಿತು, ಆದರೆ ರೇಸ್ ಏರುವುದಿಲ್ಲ ಎಂಬುದು ಇನ್ನೊಂದು ದೂರು. ಎಂಜಿನ್ ಬಂದ್ ಇರುವಾಗ ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಪಂಪಿನ ಮೇಲಿನ ತೋಳನ್ನು ನೋಡಲಿ. ಅದು ಕೊನೆಯ ತಡೆಯನ್ನು ಮುಟ್ಟದಿದ್ದರೆ ನಡುವಿನ ಸರಳು ಬಾಗಿದೆ, ಇಲ್ಲವೆ ಕೀಲು ಸವೆದಿದೆ. ಮುಟ್ಟಿಯೂ ರೇಸ್ ಏರದಿದ್ದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಜೊತೆಗೆ ಕಪ್ಪು ಹೊಗೆ ಇದ್ದರೆ ಗಾಳಿಯ ಫಿಲ್ಟರನ್ನು ನೋಡಬೇಕು. ಪಂಪಿನ ಮೇಲೆ ಕಂಪನಿಯವರು ಸೀಲು ಹಾಕಿದ ಸ್ಕ್ರೂವನ್ನು ಮಾತ್ರ ತಿರುವಬೇಡಿ. ಕೈ ಥ್ರಾಟಲ್ ತಾನಾಗಿ ಕೆಳಗೆ ಜಾರುತ್ತಿದ್ದರೆ ಅದರ ನಟ್ಟು ಬಿಗಿದರೆ ಸಾಕು, ತಂತಿ ಕಟ್ಟಿ ನಿಲ್ಲಿಸುವುದು ಬೇಡ. ಕಟ್ಟಿದ ಥ್ರಾಟಲ್ ಬೇಕಾದ ಕ್ಷಣಕ್ಕೆ ಇಳಿಯುವುದಿಲ್ಲ.

ಕುಷ್ಟಗಿಯ ಮಸಾರಿ, ಯಲಬುರ್ಗಾದ ಎರೆಹೊಲಗಳಲ್ಲಿ ಕೆಸರಿನ ಕಾಟವಿಲ್ಲ, ಅಲ್ಲಿ ಧೂಳು. ಧೂಳು ಹೆಚ್ಚೆಂದು ಗಾಳಿ ಫಿಲ್ಟರಿನ ಬಟ್ಟಲಿಗೆ ಗುರುತು ಮೀರಿ ಎಣ್ಣೆ ತುಂಬುವವರಿದ್ದಾರೆ. ಆ ಎಣ್ಣೆಯನ್ನೇ ಎಂಜಿನ್ ಎಳೆದುಕೊಂಡು ಉರಿಸತೊಡಗಿದರೆ ರೇಸ್ ತಾನಾಗಿ ಏರುತ್ತ ಹೋಗುತ್ತದೆ. ಗುಬ್ಬಿ ಎಳೆದರೂ ನಿಲ್ಲುವುದಿಲ್ಲ, ಏಕೆಂದರೆ ಗುಬ್ಬಿ ತಡೆಯುವುದು ಡೀಸೆಲನ್ನು ಮಾತ್ರ. ಆಗ ಗಾಳಿ ಒಳಹೋಗುವ ಬಾಯಿಗೆ ಗಟ್ಟಿಯಾದ ಹಲಗೆಯನ್ನು ಒತ್ತಿ ಹಿಡಿದರೆ ಉಸಿರು ಕಟ್ಟಿ ನಿಲ್ಲುತ್ತದೆ. ಅಂಗೈ ಇಡಬಾರದು, ಬಟ್ಟೆಯನ್ನೂ ತುರುಕಬಾರದು. ಅದು ಒಳಗೇ ಎಳೆದುಕೊಳ್ಳುತ್ತದೆ. ಹತ್ತಿರ ಹೋಗಲು ಧೈರ್ಯ ಸಾಲದಷ್ಟು ಏರಿದ್ದರೆ ಎಲ್ಲರೂ ದೂರ ಸರಿಯಬೇಕು. ಕಡಲೆ ಹೊಲ ಹರಗುವ ದಿನಗಳಲ್ಲಿ ಈ ಬಟ್ಟಲನ್ನು ದಿನಾ ಸಂಜೆ ಬಿಚ್ಚಿ, ರಾಡಿ ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿರಿ. ಹತ್ತು ನಿಮಿಷದ ಕೆಲಸ.